ಕುತ್ತಿಗೆ ನೋವಿಗೆ ಸೀಟಿನ ಮದ್ದು: ಕಲಬುರಗಿಯ ಸೈಕಲ್ ಸವಾರರೊಬ್ಬರ ಪ್ರಕರಣ

ಸವಾರರಿಗೆ 43 ವರ್ಷ. ಕಲಬುರಗಿಯಲ್ಲಿ ಬ್ಯಾಂಕ್ ನೌಕರಿ, ದಿನಕ್ಕೆ ಆರೇಳು ತಾಸು ಕಂಪ್ಯೂಟರ್ ಮುಂದೆ. ಎತ್ತರ 172 ಸೆಂ.ಮೀ., ತೂಕ 76 ಕೆ.ಜಿ., ದೂರದೃಷ್ಟಿಗೆ ಕನ್ನಡಕ. ಎರಡು ವರ್ಷ ನೇರ ಹ್ಯಾಂಡಲಿನ ಹೈಬ್ರಿಡ್ ಸೈಕಲ್ ಓಡಿಸಿದವರು ಮಳೆಗಾಲ ಮುಗಿಯುತ್ತಲೇ ಬಾಗಿದ ಹ್ಯಾಂಡಲಿನ ರೋಡ್ ಬೈಕ್ ತಂದರು. ಮನಸ್ಸಿನಲ್ಲಿದ್ದದ್ದು 200 ಕಿ.ಮೀ. ಬ್ರೆವೆ, ಅಂದರೆ ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ ಸವಾರಿ. ಅಭ್ಯಾಸಕ್ಕೆ ಹಿಡಿದದ್ದು ಹುಮನಾಬಾದ್ ರಸ್ತೆ. ಅಲ್ಲಿಗೆ ಸುಮಾರು 60 ಕಿ.ಮೀ., ಮುಂದೆ ಬೀದರ್‌ಗೆ ಇನ್ನೊಂದು 50ರ ಮೇಲೆ. ಹೋಗುವಾಗ ನೆಲ ನಿಧಾನಕ್ಕೆ ಏರುತ್ತಾ ಹೋಗುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ ಎದುರಿಗೇ ಬರುವುದರಿಂದ ಸವಾರ ತನಗೆ ಗೊತ್ತಿಲ್ಲದೆಯೇ ಬಗ್ಗುತ್ತಾನೆ.

ಮೂರು ವಾರದಲ್ಲಿ ವಾರದ ಉದ್ದದ ಸವಾರಿ 40ರಿಂದ 90 ಕಿ.ಮೀ.ಗೆ ಏರಿತು. ನಾಲ್ಕನೇ ವಾರ ದೂರು ಶುರು. 25–30 ಕಿ.ಮೀ. ಆಗುವಷ್ಟರಲ್ಲಿ ಕುತ್ತಿಗೆಯ ಬುಡ ಬಿಗಿಯುತ್ತಿತ್ತು, ಕಮಲಾಪುರ ದಾಟುವಾಗ ಎರಡೂ ಹೆಗಲ ಮೇಲೆ ಉರಿ, ಬಲಕ್ಕೆ ಹೆಚ್ಚು. 50ರ ನಂತರ ಎರಡೂ ಕೈಗಳ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತಿದ್ದವು. ಹುಮನಾಬಾದ್‌ನಲ್ಲಿ ಚಹಾಕ್ಕೆ ಕುಳಿತರೆ ತಲೆ ತಿರುಗಿಸಲು ಆಗುತ್ತಿರಲಿಲ್ಲ. ಅವರದೇ ಮಾತಿನಲ್ಲಿ: "ಕುತ್ತಿಗಿ ಬುಡಕ ಮೊಳಿ ಬಡದಂಗ ಆಗ್ತದ್ರಿ, ಬಲಕ್ಕ ಹೊಳ್ಳಕ ಬರಂಗಿಲ್ಲ." ಹತ್ತರಲ್ಲಿ ಎಷ್ಟು ನೋವು ಎಂದರೆ ಏಳು. ಮರುದಿನ ಸಂಜೆಗೆ ಮೂರು, ಮೂರನೇ ದಿನಕ್ಕೆ ಇಲ್ಲ.

ಈ ಕೊನೆಯ ಸಾಲು ಮುಖ್ಯ. ಸವಾರಿಯಲ್ಲಿ ಬಂದು ವಿಶ್ರಾಂತಿಯಲ್ಲಿ ಹೋಗುವ ನೋವು ಬಹುತೇಕ ಸ್ನಾಯು ದಣಿದ ನೋವು. ಆದರೂ ಪಾನಾ ಕೈಗೆತ್ತಿಕೊಳ್ಳುವ ಮೊದಲು ಕೆಲವು ಪ್ರಶ್ನೆ ಕೇಳಿಯೇ ಮುಂದೆ ಹೋಗಬೇಕು. ನೋವು ಮೊಣಕೈ ದಾಟಿ ಮಿಂಚಿನಂತೆ ಕೆಳಗಿಳಿಯುತ್ತದೆಯೇ? ಅಂಗಿಯ ಗುಂಡಿ ಹಾಕುವಾಗ ಬೆರಳು ತಪ್ಪುತ್ತವೆಯೇ, ಹಿಡಿತ ಸಡಿಲವಾಗಿದೆಯೇ? ನಡಿಗೆ ತೂರಾಡುತ್ತದೆಯೇ? ರಾತ್ರಿ ಮಲಗಿದರೂ ಬಿಡದ ನೋವು, ಜ್ವರ, ಬಿದ್ದ ಇತಿಹಾಸ ಉಂಟೇ? ಇದರಲ್ಲಿ ಒಂದಕ್ಕೆ ಹೌದು ಎಂದರೂ ಸೈಕಲ್ ಪಕ್ಕಕ್ಕಿಟ್ಟು ವೈದ್ಯರ ಬಳಿ ಹೋಗಬೇಕು. ಏರು ಹತ್ತುವಾಗ ಮಾತ್ರ ಎಡ ಭುಜ, ದವಡೆ, ಎದೆ ಹಿಡಿದು, ನಿಂತರೆ ಬಿಡುತ್ತದೆ ಎನ್ನುವುದಾದರೆ ಅದು ಹೆಗಲ ಮಾತೇ ಅಲ್ಲ, ಹೃದಯದ್ದಿರಬಹುದು. ನಲವತ್ತು ದಾಟಿದವರು ಅದನ್ನು ತೋರಿಸಿಯೇ ಮತ್ತೆ ಹತ್ತಬೇಕು.

ಇವರಲ್ಲಿ ಇವು ಯಾವುದೂ ಇರಲಿಲ್ಲ. ಜೋಮಿನ ಲೆಕ್ಕ ಬೇರೆ. ಕುತ್ತಿಗೆಯ ನರ ಒತ್ತಿದ್ದರೆ ಸಾಮಾನ್ಯವಾಗಿ ಒಂದೇ ಕೈಗೆ ಬರುತ್ತದೆ, ತಲೆ ಹಿಂದಕ್ಕೆ ವಾಲಿಸಿ ಅದೇ ಕಡೆ ತಿರುಗಿಸಿದರೆ ಹೆಚ್ಚುತ್ತದೆ. ಇವರಿಗೆ ಎರಡೂ ಕೈಗೆ ಬರುತ್ತಿತ್ತು, ತಲೆ ಹೇಗೆ ಆಡಿಸಿದರೂ ಬದಲಾಗುತ್ತಿರಲಿಲ್ಲ, ಹ್ಯಾಂಡಲ್ ಬಿಟ್ಟ ಕಾಲು ಗಂಟೆಯಲ್ಲಿ ಇಳಿಯುತ್ತಿತ್ತು. ಅಂಗೈಯ ಕಿರುಬೆರಳ ಕಡೆಯ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರ ಹ್ಯಾಂಡಲಿಗೆ ಒತ್ತಿದಾಗ ಆಗುವುದು ಹೀಗೇ. ಅಂದರೆ ಕೈಗಳ ಮೇಲೆ ಹೊರಬಾರದಷ್ಟು ಭಾರ ಬಿದ್ದಿದೆ. ಪ್ರಕರಣದ ಮೊದಲ ಸುಳಿವು ಸಿಕ್ಕಿದ್ದು ಕುತ್ತಿಗೆಯಲ್ಲಲ್ಲ, ಈ ಕಿರುಬೆರಳಲ್ಲಿ.

ಅಷ್ಟರಲ್ಲಿ ಅವರು ಎಕ್ಸ್-ರೇ ತೆಗೆಸಿದ್ದರು. ವರದಿಯಲ್ಲಿ "ಸಣ್ಣ ಪ್ರಮಾಣದ ಸವೆತ" ಎಂದಿತ್ತು, ಮನೆಯವರೆಲ್ಲ ಸೈಕಲ್ ಮಾರಿಬಿಡಿ ಎಂದರು. ನಲವತ್ತು ದಾಟಿದವರಲ್ಲಿ ಯಾವ ನೋವೂ ಇಲ್ಲದವರ ಎಕ್ಸ್-ರೇಯಲ್ಲೂ ಇಂಥ ಸವೆತ ಕಾಣುತ್ತದೆ. ವಯಸ್ಸಿಗೆ ಬಿಳಿಕೂದಲು ಬಂದಂತೆ ಅದು. ಹೆದರಬೇಕಾದ್ದು ಅವರು ಮಾಡಿಸಿಕೊಳ್ಳುತ್ತಿದ್ದ ಇನ್ನೊಂದಕ್ಕೆ. ಸಲೂನಿನಲ್ಲಿ ಕಟಿಂಗ್ ಮುಗಿದ ಮೇಲೆ ತಲೆ ಹಿಡಿದು ಕುತ್ತಿಗೆ "ಟಕ್" ಎನ್ನಿಸುತ್ತಾರಲ್ಲ, ಅದು. ಅರ್ಧ ತಾಸು ಹಗುರ ಎನ್ನಿಸುವುದು ನಿಜ. ಆದರೆ ಹಾಗೆ ಜರ್ಕ್ ಕೊಟ್ಟು ತಿರುವಿದಾಗ ಕುತ್ತಿಗೆಯ ಮಣಿಗಳ ಪಕ್ಕದಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೆ ಆಗಿಬಿಟ್ಟರೆ ಸರಿಪಡಿಸುವುದು ಕಷ್ಟ. ಅದನ್ನು ಅಂದೇ ನಿಲ್ಲಿಸಲಾಯಿತು. ಸವಾರಿಗೆ ಮೊದಲೇ ಡೈಕ್ಲೋಫೆನಾಕ್ ಎಂಬ ನೋವಿನ ಗುಳಿಗೆ ನುಂಗುವ ರೂಢಿಯೂ ನಿಂತಿತು. ಅದು ಎಚ್ಚರಿಕೆ ಕೊಡುವ ನೋವನ್ನೇ ಮುಚ್ಚುತ್ತದೆ. ಬೆವರು ಹರಿದು ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ನಮ್ಮ ಬಿಸಿಲಿಗೆ ಅದು ಸರಿಹೋಗುವ ಮದ್ದಲ್ಲ.

ಸ್ಟೆಮ್ ಬದಲಿಸಿದ್ದು ಯಾಕೆ ಫಲಿಸಲಿಲ್ಲ

ಕುತ್ತಿಗೆ ನೋವು ಎಂದ ಕೂಡಲೇ ಎಲ್ಲರೂ ಕೈಹಾಕುವುದು ಹ್ಯಾಂಡಲಿಗೆ. ಇಲ್ಲೂ ಹಾಗೇ ಆಯಿತು. ಹ್ಯಾಂಡಲನ್ನು ಮುಂದಿನ ಚಕ್ರ ಹಿಡಿಯುವ ಫೋರ್ಕಿಗೆ ಸೇರಿಸುವ ತುಂಡನ್ನು, ಅಂದರೆ ಸ್ಟೆಮ್ಮನ್ನು ತೆಗೆದು, 100 ಮಿ.ಮೀ. ಉದ್ದದ್ದರ ಬದಲು 70ರದ್ದನ್ನು ಮೇಲ್ಮುಖವಾಗಿ ಕೂಡಿಸಲಾಯಿತು. "ಈಗ ಹ್ಯಾಂಡಲ್ ಎತ್ತರಾತು, ಆರಾಮ ಕೂಡ್ರಿ ಸರ" ಎಂದರು ಕೂಡಿಸಿದವರು.

ಲೆಕ್ಕ ಹಾಕಿ ನೋಡಿದರೆ ಹ್ಯಾಂಡಲ್ ಎತ್ತರವಾದದ್ದು ಬರೇ 8 ಮಿ.ಮೀ. ಮುಂಭಾಗದ ಕೊಳವೆ ನೆಲಕ್ಕೆ 72 ಡಿಗ್ರಿ ಓರೆಯಾಗಿರುವಾಗ, 6 ಡಿಗ್ರಿ ಕೆಳಮುಖವಾಗಿ ಕೂಡಿಸಿದ 100 ಮಿ.ಮೀ. ಸ್ಟೆಮ್ ಸಮತಲಕ್ಕೆ 12 ಡಿಗ್ರಿ ಮೇಲೆ ನಿಂತಿರುತ್ತದೆ, ಏರು ಸುಮಾರು 21 ಮಿ.ಮೀ. 70ರದ್ದನ್ನು ಮೇಲ್ಮುಖ ಮಾಡಿದರೆ 24 ಡಿಗ್ರಿ, ಏರು 28–29. ಕೋನ ಗಳಿಸಿದ್ದನ್ನು ಗಿಡ್ಡತನ ತಿಂದುಹಾಕಿತು. ಮುಂಚಾಚು ಮಾತ್ರ 34 ಮಿ.ಮೀ. ಕಡಿಮೆಯಾಯಿತು. ಹ್ಯಾಂಡಲ್ ಹೊಟ್ಟೆಯ ಹತ್ತಿರ ಬಂದಾಗ ಸವಾರ ನೆಟ್ಟಗಾಗುತ್ತಾನೆ ಎಂಬುದು ನಂಬಿಕೆ, ಆಗುವುದು ಬೇರೆ. ಬೆನ್ನಿನ ಮೇಲ್ಭಾಗ ಆಮೆಯಂತೆ ಗೂನಾಗುತ್ತದೆ, ರಸ್ತೆ ನೋಡಲು ಕುತ್ತಿಗೆ ಮತ್ತಷ್ಟು ಹಿಂದಕ್ಕೆ ಮಡಚಬೇಕಾಗುತ್ತದೆ. ಎರಡು ವಾರ ಕಳೆದರೂ ನೋವು ಏಳರಿಂದ ಆರಕ್ಕಿಳಿದಿತ್ತು, ಅಷ್ಟೇ. ಜೊತೆಗೆ ಇಳಿಜಾರಿನಲ್ಲಿ ಸೈಕಲ್ ಚಂಚಲವಾಗಿತ್ತು.

ಕಿ.ಮೀ. ಕಲ್ಲಿಗೆ ಒರಗಿಸಿದ ಫೋನ್

ಕೂರುವ ಭಂಗಿಯನ್ನು ಮನೆಯಂಗಳದಲ್ಲಿ ನೋಡಿ ಪ್ರಯೋಜನವಿಲ್ಲ. ಮೊದಲ ಐದು ನಿಮಿಷ ಎಲ್ಲರೂ ಚಂದವೇ ಕೂರುತ್ತಾರೆ. 25ನೇ ಕಿ.ಮೀ.ನಲ್ಲಿ ರಸ್ತೆ ಬದಿಯ ಕಲ್ಲಿಗೆ ಫೋನ್ ಒರಗಿಸಿ, ಅದರ ಮುಂದೆ ನಾಲ್ಕು ಬಾರಿ ಹಾದುಹೋಗಿ ಚಿತ್ರೀಕರಿಸಲಾಯಿತು. ಕಂಡದ್ದು: ಮೊಣಕೈ ಕೋಲಿನಂತೆ ಸೆಟೆದಿವೆ, ಹೆಗಲು ಕಿವಿಯ ಹತ್ತಿರಕ್ಕೆ ಏರಿವೆ, ಸೊಂಟ ಪ್ರತಿ ಪೆಡಲಿಗೆ ಅತ್ತಿತ್ತ ವಾಲುತ್ತಿದೆ, ಮತ್ತು ಅರ್ಧ ನಿಮಿಷಕ್ಕೊಮ್ಮೆ ಕುಂಡೆಯನ್ನು ಹಿಂದಕ್ಕೆ ದೂಡಿಕೊಳ್ಳುತ್ತಿದ್ದಾರೆ.

ಹಿಂದಕ್ಕೆ ದೂಡಿಕೊಳ್ಳುವವರು ಮುಂದಕ್ಕೆ ಜಾರುತ್ತಿದ್ದಾರೆ ಎಂದೇ ಅರ್ಥ. ಸೀಟಿನ ಮೇಲೆ ಗಟ್ಟಿ ರಟ್ಟಿನ ಪುಸ್ತಕ, ಅದರ ಮೇಲೆ ಫೋನಿನ ಮಟ್ಟ ನೋಡುವ ಆ್ಯಪ್ ಇಟ್ಟು ಅಳೆದರೆ ಮೂತಿ, ಅಂದರೆ ಸೀಟಿನ ಮುಂತುದಿ, 7 ಡಿಗ್ರಿ ಕೆಳಗೆ. (ಅಳೆಯುವ ಮೊದಲು ನೆಲವನ್ನೂ ಅಳೆಯಬೇಕು. ಶಹಾಬಾದ್ ಕಲ್ಲು ಹಾಸಿದ ಮನೆಗಳಲ್ಲಿ ತೊಳೆದ ನೀರು ಹರಿಯಲೆಂದು ಇಳಿಜಾರು ಬಿಟ್ಟಿರುತ್ತಾರೆ. ಇಲ್ಲಿ ಒಂದು ಡಿಗ್ರಿ ಇತ್ತು, ಅದನ್ನು ಕಳೆದ ಮೇಲೆ ಈ ಏಳು.) ಮೂತಿ ಬಗ್ಗಿಸಿದ್ದು ಯಾಕೆ ಎಂದು ಕೇಳಿದಾಗ, ಸ್ವಲ್ಪ ನಾಚುತ್ತಲೇ, ತೊಡೆಸಂದು ಮರಗಟ್ಟುತ್ತಿತ್ತು ಎಂದರು. ಅದು ಯಾಕೆ ಮರಗಟ್ಟಿತು? ಸೀಟು ಎತ್ತರವಾಗಿತ್ತು. ಬರಿಗಾಲಲ್ಲಿ ಗೋಡೆಗೆ ನಿಂತು, ಕಾಲಸಂದಿಗೆ ಪುಸ್ತಕ ಒತ್ತಿ ಹಿಡಿದು, ನೆಲದಿಂದ ಅದರ ಬೆನ್ನಿನವರೆಗೆ ಅಳೆದರೆ 80 ಸೆಂ.ಮೀ. ಸೀಟಿನ ಎತ್ತರಕ್ಕೆ ಬಳಸುವ ಸೂತ್ರದಂತೆ ಇದನ್ನು 0.883ರಿಂದ ಗುಣಿಸಿದರೆ 70.6. ಪೆಡಲಿನ ತೋಳು (ಕ್ರ್ಯಾಂಕ್) ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಮೈಗೆ ಇದ್ದದ್ದು 72.5. ಸೂತ್ರವೇ ವೇದವಾಕ್ಯವಲ್ಲ, ಆದರೆ 19 ಮಿ.ಮೀ. ವ್ಯತ್ಯಾಸ ಸಣ್ಣದಲ್ಲ. ಪೆಡಲ್ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಸೊಂಟ ವಾಲಿಸದೆ ಕಾಲು ಮುಟ್ಟುತ್ತಲೂ ಇರಲಿಲ್ಲ.

ಸೀಟು ಎತ್ತರವಾಗಿ ತೊಡೆಸಂದಿಗೆ ಒತ್ತಿತು, ಒತ್ತಡ ತಪ್ಪಿಸಲು ಮೂತಿ ಬಗ್ಗಿತು, ಮೂತಿ ಬಗ್ಗಿದ್ದಕ್ಕೆ ಮೈ ಜಾರಿತು, ಜಾರುವ ಮೈಯನ್ನು ತಡೆಯಲು ಕೈ ಸೆಟೆಯಿತು, ಕೈ ಸೆಟೆದಾಗ ಹೆಗಲು ಕಿವಿಗೇರಿತು. ಕುತ್ತಿಗೆಯ ಹಿಂಬದಿಯಿಂದ ಹೆಗಲ ತುದಿಗೆ ಹಾಯುವ ಟ್ರೆಪೀಜಿಯಸ್, ಭುಜದ ಹಲಗೆಯ ಮೂಲೆಯನ್ನು ಮೇಲೆಳೆಯುವ ಲಿವೇಟರ್ ಸ್ಕಾಪುಲೆ ಎರಡೂ ಹೀಗೆ ಹೆಗಲನ್ನು ಎತ್ತಿ ಹಿಡಿದಿದ್ದವು. ಅದರ ಮೇಲೆ ಸುಮಾರು ಐದು ಕೆ.ಜಿ. ತಲೆ ಹಾಗೂ ಹೆಲ್ಮೆಟ್ ಕೂಡ ಅವುಗಳದೇ ಪಾಲು. ಎರಡು ತಾಸು ಬಿಡುವಿಲ್ಲದೆ ಎರಡೆರಡು ಕೆಲಸ. ಸೆಟೆದ ಕೈಯಲ್ಲಿ ರಸ್ತೆಯ ಪ್ರತಿ ಕುಳಿಯ ಪೆಟ್ಟೂ ನೇರವಾಗಿ ಕುತ್ತಿಗೆಗೇ ಹೋಗುತ್ತಿತ್ತು.

ಕೂಡಿಸಿದ ಕ್ರಮ

ಒಂದು ಸಲಕ್ಕೆ ಒಂದೇ ಬದಲಾವಣೆ, ಅದಾದ ಮೇಲೆ ಕನಿಷ್ಠ ಎರಡು ಸವಾರಿ. ಎಲ್ಲವನ್ನೂ ಒಂದೇ ಸಂಜೆ ತಿರುವಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದೇ ಇಲ್ಲ. ಬಿಚ್ಚುವ ಮೊದಲು ಸೀಟುಕಂಬಕ್ಕೆ, ಸೀಟಿನ ಹಳಿಗೆ ಟೇಪ್ ಸುತ್ತಿ ಹಳೆಯ ಜಾಗ ಗುರುತು ಹಾಕಲಾಯಿತು.

ಮೊದಲು ಸೀಟಿನ ಎತ್ತರ. 8 ಮಿ.ಮೀ., ಆಮೇಲೆ 7 ಮಿ.ಮೀ., ಎರಡು ಕಂತಿನಲ್ಲಿ ಇಳಿಸಿ 71 ಸೆಂ.ಮೀ.ಗೆ ನಿಲ್ಲಿಸಿದರು. ಸೀಟುಕಂಬ ಓರೆಯಾಗಿರುವುದರಿಂದ 15 ಮಿ.ಮೀ. ಇಳಿಸಿದರೆ ಸೀಟು 4 ಮಿ.ಮೀ.ಗಿಂತ ತುಸು ಹೆಚ್ಚು ಮುಂದಕ್ಕೂ ಬರುತ್ತದೆ. ಇದನ್ನು ಮರೆತವರು ಮತ್ತೆ ಕೈ ಮೇಲೆ ಭಾರ ಬಂತು ಎಂದು ದೂರುತ್ತಾರೆ. ಹಾಗಾಗಿ ಹಳಿಯ ಮೇಲೆ ಅಷ್ಟೇ ಹಿಂದಕ್ಕೆ ಸರಿಸಲಾಯಿತು. ಬಳಿಕ ಮೂತಿ: 7 ಡಿಗ್ರಿಯಿಂದ 1 ಡಿಗ್ರಿಗೆ. ಪೂರ್ತಿ ಮಟ್ಟವೂ ಆಗುತ್ತದೆ, 2–3ರವರೆಗೆ ಇಳಿಕೆಯೂ ನಡೆಯುತ್ತದೆ. ಮೇಲ್ಮುಖ ಮಾತ್ರ ಬೇಡ.

ಇಷ್ಟಕ್ಕೇ, ಹ್ಯಾಂಡಲ್ ಮುಟ್ಟದೆಯೇ, ಕೈಯ ಜೋಮು ಎರಡನೇ ವಾರದಲ್ಲಿ ಹೋಯಿತು. ನೋವು ಆರರಿಂದ ನಾಲ್ಕಕ್ಕಿಳಿಯಿತು. ತೊಡೆಸಂದು ಮರಗಟ್ಟುವುದೂ ನಿಂತಿತು. ಸೀಟು ಇಳಿದದ್ದರಿಂದ ಸೀಟಿಗೂ ಹ್ಯಾಂಡಲಿಗೂ ಇದ್ದ ಎತ್ತರದ ಅಂತರ ಬಿಟ್ಟಿಯಾಗಿ 14 ಮಿ.ಮೀ. ಕಡಿಮೆಯಾಗಿತ್ತು.

ನಂತರವೇ ಹ್ಯಾಂಡಲ್. 70ರ ಸ್ಟೆಮ್ ತೆಗೆದು ಡಬ್ಬಿಗೆ ಹಾಕಿ, ಸೈಕಲ್ ಜೊತೆ ಬಂದ 100 ಮಿ.ಮೀ. ಸ್ಟೆಮ್ಮನ್ನೇ ತಲೆಕೆಳಗು ಮಾಡಿ ಕೂಡಿಸಲಾಯಿತು. ಖರ್ಚು ಸೊನ್ನೆ. ಮೊದಲಿನ ಜೋಡಣೆಗಿಂತ 20 ಮಿ.ಮೀ. ಎತ್ತರ, 6 ಮಿ.ಮೀ. ಹತ್ತಿರ. ಸ್ಟೆಮ್ಮಿನ ಮೇಲಿದ್ದ ಎರಡು ಸ್ಪೇಸರ್ ಉಂಗುರಗಳಲ್ಲಿ 10 ಮಿ.ಮೀ.ನ ಒಂದನ್ನು ಕೆಳಗೆ ಹಾಕಿದಾಗ ಮತ್ತೆ 9ರಷ್ಟು ಏರಿತು. ಮೂಲದಲ್ಲಿ ಸೀಟಿಗಿಂತ 85 ಮಿ.ಮೀ. ಕೆಳಗಿದ್ದ ಹ್ಯಾಂಡಲ್ ಈಗ 40ರ ಆಸುಪಾಸು ಕೆಳಗೆ. ವಾರಕ್ಕೊಮ್ಮೆ ಉದ್ದ ಓಡಿಸುವ, ಉಳಿದ ದಿನ ಕುರ್ಚಿಯಲ್ಲಿ ಕೂರುವ ನಡುವಯಸ್ಸಿನವರಿಗೆ ಇದು ಸಾಕಷ್ಟು ಬಗ್ಗುವಿಕೆಯೇ. ರೇಸಿನವರ ಫೋಟೋ ನೋಡಿ ಹ್ಯಾಂಡಲ್ ಇಳಿಸುವ ಚಟ ಯಾಕೋ ತಿಳಿಯದು.

ಈ ಕೆಲಸದಲ್ಲಿ ಎಡವುವ ಜಾಗ ಒಂದಿದೆ, ಇಲ್ಲೂ ಎಡವಿದರು. ಸ್ಟೆಮ್ಮಿನ ಬದಿಯ ಎರಡು ಬೋಲ್ಟ್ ಮೊದಲು ಬಿಗಿದು, ಆಮೇಲೆ ಮೇಲಿನ ಮುಚ್ಚಳದ ಬೋಲ್ಟ್ ಬಿಗಿದರು. ಮುಂದಿನ ಸವಾರಿಯಲ್ಲಿ ಬ್ರೇಕ್ ಹಿಡಿದಾಗಲೆಲ್ಲ ಮುಂಭಾಗದಲ್ಲಿ "ಟಕ್ ಟಕ್". ಮುಚ್ಚಳದ ಬೋಲ್ಟಿನ ಕೆಲಸ ಹೆಡ್‌ಸೆಟ್ಟಿನ, ಅಂದರೆ ಫೋರ್ಕ್ ತಿರುಗುವ ಕೀಲಿನ, ಬೇರಿಂಗನ್ನು ಸಡಿಲವಿಲ್ಲದಂತೆ ಒತ್ತುವುದು. ಬದಿ ಬೋಲ್ಟ್ ಮೊದಲೇ ಬಿಗಿದಿದ್ದರೆ ಸ್ಟೆಮ್ ಕೆಳಗಿಳಿಯುವುದೇ ಇಲ್ಲ, ಒತ್ತು ಬೀಳುವುದಿಲ್ಲ. ಸರಿಯಾದ ಕ್ರಮ: ಬದಿ ಬೋಲ್ಟ್ ಸಡಿಲ ಬಿಟ್ಟು, ಮುಚ್ಚಳದ ಬೋಲ್ಟನ್ನು ಹದವಾಗಿ ತಿರುಗಿಸುತ್ತಾ ಹೋಗಿ, ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆಮುಂದೆ ಅಲ್ಲಾಡಿಸಿದರೆ ಅಳ್ಳಕ ಇರಬಾರದು, ಮುಂದಿನ ಚಕ್ರ ಎತ್ತಿ ಬಿಟ್ಟರೆ ಹ್ಯಾಂಡಲ್ ತಾನಾಗಿ ಹೊರಳಬೇಕು. ಆಗ ಸ್ಟೆಮ್ ಚಕ್ರದ ನೇರಕ್ಕೆ ತಂದು, ಬದಿ ಬೋಲ್ಟ್‌ಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಎಷ್ಟು ಎಂಬುದು ಸ್ಟೆಮ್ಮಿನ ಮೇಲೆಯೇ ಅಚ್ಚಾಗಿರುತ್ತದೆ, ಬಹಳಷ್ಟು ಸ್ಟೆಮ್‌ಗಳಲ್ಲಿ 5 ನ್ಯೂಟನ್ ಮೀಟರ್. ಉದ್ದ ಪಾನಾ ಹಿಡಿದು ಜೋರು ತೋರಿಸುವ ಕೆಲಸವಲ್ಲ ಇದು; ಫೋರ್ಕಿನ ಕೊಳವೆ ಕಾರ್ಬನ್ ಆಗಿದ್ದರಂತೂ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ) ಇಲ್ಲದೆ ಮುಟ್ಟಲೇಬಾರದು. ಕೊನೆಗೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಕೇಬಲ್ ಜಗ್ಗುತ್ತಿಲ್ಲ ಎಂದು ನೋಡಬೇಕು. ಸ್ಟೆಮ್ ಮಗುಚಿದಾಗ ಬ್ರೇಕ್ ಲಿವರಿನ ಓರೆಯೂ ಬದಲಾಗುತ್ತದೆ. ರಬ್ಬರ್ ಹಿಡಿಯ ಮೇಲೆ ಕೈಯಿಟ್ಟರೆ ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಮಡಚದೆ ನೇರ ನಿಲ್ಲುವಂತೆ ಹ್ಯಾಂಡಲನ್ನು ತಿರುಗಿಸಿ ಬಿಗಿಯಬೇಕು.

ಬಲಗಡೆಗೆ ಮಾತ್ರ ಯಾಕೆ

ಆರನೇ ವಾರಕ್ಕೆ ಎಡಗಡೆ ಸ್ವಚ್ಛ. ಬಲಗಡೆ 50 ಕಿ.ಮೀ. ನಂತರ ನೋವು ಇನ್ನೂ ಮೂರು. ಸೈಕಲಿನಲ್ಲಿ ಎಡ ಬಲ ವ್ಯತ್ಯಾಸವಿರಲಿಲ್ಲ, ಹ್ಯಾಂಡಲ್ ಓರೆಯಿರಲಿಲ್ಲ. ಕಾರಣ ವಾಹನಗಳು. ನಮ್ಮಲ್ಲಿ ಎಡಬದಿಯಲ್ಲಿ ಓಡಿಸುತ್ತೇವೆ, ಲಾರಿ ಬಸ್ಸು ಬಲದಿಂದ ದಾಟುತ್ತವೆ. ಬಗ್ಗಿ ಕುಳಿತು, ತಲೆ ಎತ್ತಿ, ಅದೇ ಸ್ಥಿತಿಯಲ್ಲಿ ಬಲಕ್ಕೆ ಹೊರಳಿ ನೋಡುವುದನ್ನು ವಿಡಿಯೊದಲ್ಲಿ ಎಣಿಸಿದರೆ ನಿಮಿಷಕ್ಕೆ ಮೂರು ಸಲ. ಬಲ ಹ್ಯಾಂಡಲಿನ ತುದಿಗೆ ಸಿಕ್ಕಿಸುವ ಸಣ್ಣ ಕನ್ನಡಿ ಹಾಕಿದ ಮೇಲೆ ಅದು ತಿರುವುಗಳಿಗಷ್ಟೇ ಉಳಿಯಿತು. ಇಡೀ ಪ್ರಕರಣದಲ್ಲಿ ಅತಿ ಅಗ್ಗದ, ಅತಿ ಫಲ ಕೊಟ್ಟ ವಸ್ತು ಇದೇ ಇರಬೇಕು.

ಕನ್ನಡಕವೂ ಪಾಲುದಾರ. ಬೆವರಿಗೆ ಮೂಗಿನ ಮೇಲಿಂದ ಜಾರಿದಾಗ ಮೇಲಿನ ಚೌಕಟ್ಟು ಸರಿಯಾಗಿ ರಸ್ತೆ ಕಾಣುವ ಜಾಗಕ್ಕೇ ಬರುತ್ತದೆ. ಅದರ ಕೆಳಗಿಂದ ನೋಡಲು ಗದ್ದ ಇನ್ನಷ್ಟು ಎತ್ತಬೇಕು. ಹಿಂದೆ ಕಟ್ಟುವ ದಾರ, ಮೇಲಂಚಿಲ್ಲದ ಚೌಕಟ್ಟು ಎರಡೂ ಬಂದವು. ಹೆಲ್ಮೆಟ್ಟಿನ ಮುಂದಿನ ತಟ್ಟೆ ಕಳಚಿಟ್ಟರು, ಅದೂ ಕಣ್ಣಿಗೆ ಅಡ್ಡವಿತ್ತು. ಬಿಸಿಲು ತಡೆಯಲು ಅದರ ಬದಲು ತೆಳು ಬಟ್ಟೆಯ ಟೋಪಿ.

ಬೆನ್ನಚೀಲದಲ್ಲಿ ಎರಡು ಲೀಟರ್ ನೀರು, ಟ್ಯೂಬು, ಪಂಪು, ಊಟದ ಡಬ್ಬಿ ಸೇರಿ ನಾಲ್ಕು ಕೆ.ಜಿ. ಮೀರುತ್ತಿತ್ತು. ಆ ಪಟ್ಟಿಗಳು ನೋಯುವ ಸ್ನಾಯುವಿನ ಮೇಲೆಯೇ ಕೂರುತ್ತವೆ. ನೀರು ಫ್ರೇಮಿನ ಎರಡು 750 ಮಿ.ಲೀ. ಬಾಟಲಿಗೆ, ಉಳಿದದ್ದು ಸೀಟಿನ ಕೆಳಗಿನ ಚೀಲಕ್ಕೆ ಹೋಯಿತು. ಕಮಲಾಪುರದಲ್ಲಿ ನಿಂತು ತುಂಬಿಕೊಂಡರೆ ಆಯಿತು, ಕೆಂಪು ಬಾಳೆಯೂ ಸಿಗುತ್ತದೆ.

ಟೈರು 25 ಮಿ.ಮೀ., ಗಾಳಿ 110 ಪಿಎಸ್‌ಐ ಇತ್ತು. ಚಳಿಗಾಲದ 15 ಡಿಗ್ರಿ ಬೆಳಗಿನಲ್ಲಿ ಅಷ್ಟು ತುಂಬಿದ ಟೈರು ಬಿಸಿಲಿಗೆ 45 ಡಿಗ್ರಿ ಕಾಯ್ದರೆ ಒಳಗೆ 120 ದಾಟುತ್ತದೆ. ಕಲ್ಲಿನ ಚಕ್ರವೇ ಸರಿ. ಫ್ರೇಮಿನಲ್ಲಿ ಎರಡೂ ಬದಿ 4 ಮಿ.ಮೀ. ಜಾಗ ಉಳಿಯುವುದನ್ನು ನೋಡಿಕೊಂಡು 28 ಮಿ.ಮೀ. ಹಾಕಿ, ಹಿಂದೆ 80, ಮುಂದೆ 70 ತುಂಬಿದರು. ಇನ್ನೂ ಇಳಿಸಿದರೆ ಹಂಪಿನ ಅಂಚಿಗೆ ಬಡಿದು ಟ್ಯೂಬು ಎರಡು ಕಡೆ ಒಟ್ಟಿಗೆ ಕಚ್ಚುತ್ತದೆ.

ಮೈಗೆ ಮಾಡಿದ್ದು

ಫಿಜಿಯೊಥೆರಪಿಸ್ಟ್ ಕೊಟ್ಟದ್ದು ನಾಲ್ಕೇ ವ್ಯಾಯಾಮ, ವಾರಕ್ಕೆ ನಾಲ್ಕು ದಿನ, ಒಟ್ಟು ಹನ್ನೆರಡು ನಿಮಿಷ. ಗದ್ದ ಮೇಲೆತ್ತದೆ ತಲೆಯನ್ನು ನೇರವಾಗಿ ಹಿಂದಕ್ಕೆ ಸರಿಸಿ 5 ಸೆಕೆಂಡ್ ಹಿಡಿಯುವುದು, ಹತ್ತು ಸಲ. ಇದು ಕುತ್ತಿಗೆಯ ಮುಂಭಾಗದ ಆಳದ ಸ್ನಾಯುಗಳಿಗೆ. ಬೋರಲು ಮಲಗಿ ಕೈಗಳನ್ನು ಇಂಗ್ಲಿಷಿನ ವೈ ಆಕಾರಕ್ಕೆ, ಬಳಿಕ ಟಿ ಆಕಾರಕ್ಕೆ ಚಾಚಿ ಎತ್ತುವುದು, ಎಂಟರಂತೆ ಎರಡು ಸುತ್ತು. ಟವೆಲ್ ಸುರುಳಿಯನ್ನು ಬೆನ್ನಿನ ಮೇಲ್ಭಾಗಕ್ಕೆ ಅಡ್ಡ ಇಟ್ಟು ಎರಡು ನಿಮಿಷ ಅಂಗಾತ ಮಲಗುವುದು. ಆ ಭಾಗ ಹಿಂದಕ್ಕೆ ಬಾಗಿದಷ್ಟೂ ಕುತ್ತಿಗೆಗೆ ಬಾಗುವ ಕೆಲಸ ಕಡಿಮೆ. ನಾಲ್ಕನೆಯದು ಪ್ಲ್ಯಾಂಕ್, 30 ಸೆಕೆಂಡ್ ಮೂರು ಸಲ. ಹೊಟ್ಟೆ ಬೆನ್ನು ಮೈಯನ್ನು ಹೊತ್ತರೆ ಕೈ ಹೊರಬೇಕಿಲ್ಲ. ಸವಾರಿ ಮುಗಿದ ಮೇಲೆ ಗದ್ದವನ್ನು ಕಂಕುಳ ಕಡೆ ಓರೆಯಾಗಿ ಇಳಿಸಿ 30 ಸೆಕೆಂಡ್ ಎಳೆತ, ಪ್ರತಿ ಬದಿಗೆ ಎರಡು ಸಲ. ಎಳೆತವೊಂದನ್ನೇ ಮಾಡಿ ವ್ಯಾಯಾಮ ಬಿಡುವುದು ಸಾಮಾನ್ಯ ತಪ್ಪು, ಸ್ನಾಯು ದಣಿಯದೆ ತಾಳಬೇಕಾದರೆ ಎರಡೂ ಬೇಕು.

ತಲೆ ಎತ್ತಿ ಹಿಡಿಯುವ ಸ್ನಾಯು ಪೂರ್ತಿ ಕೈಕೊಡುವುದೂ ಉಂಟು. 1983ರ ರೇಸ್ ಅಕ್ರಾಸ್ ಅಮೆರಿಕದಲ್ಲಿ ಮೈಕಲ್ ಶರ್ಮರ್ ಅವರಿಗೆ ಹಾಗಾದ ಮೇಲೆ ಅದಕ್ಕೆ "ಶರ್ಮರ್ಸ್ ನೆಕ್" ಎಂಬ ಹೆಸರೇ ಬಿತ್ತು. ಅದು ದಿನಗಟ್ಟಲೆ ನಿದ್ದೆಗೆಟ್ಟು ಓಡಿಸುವವರ ಪಾಡು. ಬೀದರ್‌ಗೆ ಹೋಗಿಬರುವವರು ತಲೆಕೆಡಿಸಿಕೊಳ್ಳಬೇಕಿಲ್ಲ.

ರಸ್ತೆಯಲ್ಲಿ ಪಾಲಿಸಿದ್ದು ಇಷ್ಟು: ಹತ್ತು ನಿಮಿಷಕ್ಕೊಮ್ಮೆ ಕೈ ಜಾಗ ಬದಲಿಸುವುದು, ಹದಿನೈದಕ್ಕೊಮ್ಮೆ ಪೆಡಲ್ ಮೇಲೆ ನಿಲ್ಲುವುದು, ಪ್ರತಿ ಕಿ.ಮೀ. ಕಲ್ಲು ಕಂಡಾಗ ಹೆಗಲು ಇಳಿಸಿ ಮೊಣಕೈ ಸಡಿಲಿಸುವುದು. ಗಂಟೆ ಬಾರಿಸುವ ಆ್ಯಪ್‌ಗಿಂತ ಕಲ್ಲು ಚೆನ್ನಾಗಿ ಕೆಲಸ ಮಾಡಿತು.

ಹನ್ನೆರಡು ವಾರ

ಡಿಸೆಂಬರ್ ಆರಂಭದಿಂದ ಉದ್ದದ ಸವಾರಿ ವಾರವಾರವೂ ಹೀಗೆ ಸಾಗಿತು: 25, 30, 40, 30, 50, 60, 70, 50, 80, 95, 60, 115 ಕಿ.ಮೀ. ನಡುನಡುವೆ ಇಳಿದಿರುವುದು ಬೇಕೆಂದೇ. ಏಳನೇ ವಾರ ಹೊಸ ದೂರು ಬಂತು, ಕುಂಡೆ ನೋವು. ಹ್ಯಾಂಡಲ್ ಏರಿ ಮೈ ನೆಟ್ಟಗಾದಷ್ಟೂ ಭಾರ ಸೀಟಿಗೆ ಬೀಳುತ್ತದೆ, ಅದು ನಿರೀಕ್ಷಿತ. ಜೆಲ್ ಕವರ್ ಹಾಕೋಣವೇ ಎಂದರು. ಮೆತ್ತನೆಯ ಜೆಲ್ ನಡುವೆ ಉಬ್ಬಿ ಹಳೆಯ ಮರಗಟ್ಟುವಿಕೆಯನ್ನೇ ವಾಪಸ್ ತರುತ್ತದೆ ಎಂದು ಬೇಡವೆನ್ನಲಾಯಿತು. ಪ್ಯಾಡ್ ಇರುವ ಚಡ್ಡಿ ಮತ್ತು ಪದೇ ಪದೇ ನಿಲ್ಲುವುದರಿಂದ ಎರಡು ವಾರದಲ್ಲಿ ಸರಿಹೋಯಿತು. ಹತ್ತನೇ ವಾರದ 95ರಲ್ಲಿ ಎದುರುಗಾಳಿಗೆ ಒಂದೂವರೆ ತಾಸು ಹ್ಯಾಂಡಲಿನ ಕೆಳಬಾಗನ್ನೇ ಹಿಡಿದು ಹೋದರು. ನೋವು ಮತ್ತೆ ನಾಲ್ಕಕ್ಕೇರಿತು, ಎರಡು ದಿನ ಉಳಿಯಿತು. ಈಗ ಕೆಳಬಾಗನ್ನು ಒಂದು ಸಲಕ್ಕೆ ಐದು ನಿಮಿಷ ಮೀರಿ ಹಿಡಿಯುವುದಿಲ್ಲ, ಗಾಳಿ ಜೋರಿದ್ದರೆ ಗೇರ್ ಇಳಿಸಿ ನಿಧಾನಕ್ಕೆ ಹೋಗುತ್ತಾರೆ.

ಫೆಬ್ರವರಿ ಕೊನೆಯ ಭಾನುವಾರ ಬೆಳಗಿನ ಐದೂವರೆಗೆ ಕಲಬುರಗಿ ಬಿಟ್ಟು, ನಿಲುಗಡೆ ಸೇರಿ ಏಳು ತಾಸಿನಲ್ಲಿ ಬೀದರ್ ಮುಟ್ಟಿದರು. 90 ಕಿ.ಮೀ.ವರೆಗೆ ಏನೂ ಇಲ್ಲ, ಆಮೇಲೆ ಬಲ ಹೆಗಲಲ್ಲಿ ಎರಡು, ರಾತ್ರಿಗೆ ಇಲ್ಲ. ಹ್ಯಾಂಡಲಿನ ಅಗಲ 44 ಸೆಂ.ಮೀ. ಇದೆ, ಅವರ ಭುಜದ ಅಗಲಕ್ಕೆ 42 ಒಪ್ಪುತ್ತದೆ. ಅದನ್ನು 150 ಕಿ.ಮೀ. ಸವಾರಿ ಆದ ಮೇಲೆ ನೋಡುವುದೆಂದು ಬಿಡಲಾಗಿದೆ.